ಇಳಿಜಾರಿನಲ್ಲಿ ಗೃಹೀತದ ಪರೀಕ್ಷೆ: ಸುಬ್ರಹ್ಮಣ್ಯ ಘಾಟಿಯ ಕ್ಯಾಚ್ ಸೈಡಿಂಗ್ ಮತ್ತು ಸ್ಪಂದಕ ವ್ಯವಸ್ಥೆಗಳ ನಿರೂಪಣೆ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಹಳಿಯ ಉದ್ದ 55 ಕಿಲೋಮೀಟರ್. ಅಷ್ಟರೊಳಗೆ 57 ಸುರಂಗಗಳಿವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಸಾಗಿದರೆ 1 ಮೀಟರ್ ಕೆಳಗೆ. ಘಟ್ಟ ಇಳಿಯುವ ರೈಲು ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ದಾಟಿ ಕಡಬ ತಾಲ್ಲೂಕಿನ ನೆಟ್ಟಣಕ್ಕೆ ಬರುತ್ತದೆ. ಸುಬ್ರಹ್ಮಣ್ಯ ರೋಡ್ ನಿಲ್ದಾಣ ಇರುವುದು ಅಲ್ಲಿಯೇ. ಮುಂದೆ ಎಡಮಂಗಲ, ಕಾಣಿಯೂರು, ನರಿಮೊಗರು, ಕಬಕ ಪುತ್ತೂರು. ಸುಳ್ಯ ಪೇಟೆಗೆ ಹಳಿಯಿಲ್ಲ. ಅಲ್ಲಿಯವರು ಪುತ್ತೂರಿಗೋ ನೆಟ್ಟಣಕ್ಕೋ ಬಂದು ರೈಲು ಹತ್ತುತ್ತಾರೆ. ಹಾಸನ–ಮಂಗಳೂರು ಮಾರ್ಗ 1979ರಲ್ಲಿ ಮೀಟರ್ ಗೇಜ್ ಆಗಿ ಪೂರ್ಣಗೊಂಡಿತು. ಬ್ರಾಡ್ ಗೇಜ್ ಆದ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ.

ಈ ಲೇಖನದ ವಿಷಯ ಆ ಮಾರ್ಗದ ಇತಿಹಾಸವಲ್ಲ. ಘಾಟಿಯ ನಿಲ್ದಾಣಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬ ಒಂದು ತುಂಡು ಹಳಿ ಇರುತ್ತದೆ. ಸ್ಪಂದಕ ವ್ಯವಸ್ಥೆಗಳನ್ನು ಗಣಿತದ ಬಿಗಿಯಲ್ಲಿ ನಿರೂಪಿಸುವ ಶಾಸ್ತ್ರದಲ್ಲಿ ಮೂರು ದಶಕಗಳಿಂದ ಬಹುಮಟ್ಟಿಗೆ ಪ್ರಶ್ನೆಯಿಲ್ಲದೆ ಬಂದಿರುವ ಒಂದು ಗೆರೆಯನ್ನು ಆ ಹಳಿ ಅಲುಗಾಡಿಸುತ್ತದೆ ಎಂಬುದು ಇಲ್ಲಿನ ವಾದ.

ಸ್ಪಂದಕ ವ್ಯವಸ್ಥೆ ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟವರು ಡೇವಿಡ್ ಹರೆಲ್ ಮತ್ತು ಅಮೀರ್ ಪ್ನೂಯೆಲಿ, 1985ರಲ್ಲಿ. ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಂ ಅಂಕಿಗಳನ್ನು ತೆಗೆದುಕೊಂಡು ಉತ್ತರ ಕೊಟ್ಟು ಮುಗಿಯುತ್ತದೆ. ಲಿಫ್ಟು, ಟೆಲಿಫೋನ್ ಎಕ್ಸ್‌ಚೇಂಜ್, ರೈಲ್ವೆ ಸಿಗ್ನಲ್ ಹಾಗೆ ಮುಗಿಯುವಂಥವಲ್ಲ. ಹೊರಗಿನ ಪರಿಸರದೊಂದಿಗೆ ಕೊಡು–ಕೊಳ್ಳುವುದೇ ಅವುಗಳ ಕೆಲಸ. ಅಂಥವನ್ನು ಕುರಿತು ಮಾತಾಡಲು ಕಾಲತರ್ಕವನ್ನು ಪ್ನೂಯೆಲಿ 1977ರಲ್ಲೇ ಪ್ರೋಗ್ರಾಮಿಂಗ್‌ಗೆ ತಂದಿದ್ದರು. 1987ರಲ್ಲಿ ಹರೆಲ್ ಅವರ ಸ್ಟೇಟ್‌ಚಾರ್ಟ್ ಬಂತು. ಫ್ರಾನ್ಸಿನಲ್ಲಿ ಎಸ್ಟರೆಲ್ ಮತ್ತು ಲಸ್ಟರ್ ಭಾಷೆಗಳು, ಅಮೆರಿಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅವರ ಟಿಎಲ್‌ಎ, ಜಾನ್–ರೇಮಂಡ್ ಅಬ್ರಿಯಾಲ್ ಅವರ ಬಿ ಮತ್ತು ಈವೆಂಟ್–ಬಿ ಬೆಳೆದವು. ಪ್ಯಾರಿಸ್ ಮೆಟ್ರೋದ 14ನೇ ಮಾರ್ಗ 1998ರಲ್ಲಿ ಚಾಲಕರಿಲ್ಲದೆ ಓಡತೊಡಗಿದಾಗ ಅದರ ಸುರಕ್ಷತಾ ಭಾಗದ ಸುಮಾರು 86,000 ಸಾಲು ಕೋಡ್ ಬಿ ವಿಧಾನದಲ್ಲಿ ಸಾಧಿಸಿ ಹುಟ್ಟಿಸಿದ್ದಾಗಿತ್ತು. ಯುರೋಪಿನ ಇಎನ್ 50128 ಮಾನದಂಡ ಅತಿ ಹೆಚ್ಚಿನ ಸುರಕ್ಷತೆ ಬೇಕಾದ ರೈಲ್ವೆ ಸಾಫ್ಟ್‌ವೇರ್‌ಗೆ ಇಂಥ ವಿಧಾನಗಳನ್ನು ಬಲವಾಗಿ ಶಿಫಾರಸು ಮಾಡಿತು. ಇಷ್ಟರ ಬಗ್ಗೆ ತಕರಾರಿಲ್ಲ.

ಈ ಪರಂಪರೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. ರುದ್ರಪಟ್ಟಣದ ಹೆಸರು ಹೊತ್ತ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡಿದ ಆರ್. ಕೆ. ಶ್ಯಾಮಸುಂದರ್ ಅವರು ಗೆರಾರ್ ಬೆರ್ರಿ ಮತ್ತು ಎಸ್. ರಮೇಶ್ ಜೊತೆ 1993ರಲ್ಲಿ ಮಂಡಿಸಿದ ಪದ್ಧತಿ ಒಂದಿದೆ. ಪ್ರತಿಯೊಂದು ಕೇಂದ್ರವೂ ತನ್ನೊಳಗೆ ಎಸ್ಟರೆಲ್ ಪ್ರೋಗ್ರಾಂನಂತೆ ಕ್ಷಣಕ್ಷಣಕ್ಕೆ ಸ್ಪಂದಿಸುತ್ತದೆ. ಕೇಂದ್ರಗಳ ನಡುವೆ ಮಾತ್ರ ಇಬ್ಬರೂ ಒಪ್ಪಿದಾಗಲೇ ನಡೆಯುವ ಕೈಕುಲುಕು. ಘಾಟಿಯ ನಿಲ್ದಾಣಗಳನ್ನು ಬಲ್ಲವರಿಗೆ ಇದು ತೀರ ಪರಿಚಿತ ಚಿತ್ರ. ಎಡಕುಮೇರಿಯ ಸ್ಟೇಷನ್ ಮಾಸ್ಟರ್ ಸಿರಿಬಾಗಿಲಿನಿಂದ ಲೈನ್ ಕ್ಲಿಯರ್ ಕೇಳುತ್ತಾರೆ, ಅಲ್ಲಿಂದ ಒಪ್ಪಿಗೆ ಬರುತ್ತದೆ, ಆಮೇಲೆ ರೈಲು ಹೊರಡುತ್ತದೆ. ಒಬ್ಬರೇ ನಿರ್ಧರಿಸಿ ರೈಲು ಬಿಡುವ ಹಾಗಿಲ್ಲ. ಒಳಗಿನ ಸ್ಪಂದನವನ್ನೂ ಹೊರಗಿನ ಕೈಕುಲುಕನ್ನೂ ಒಂದೇ ಭಾಷೆಯಲ್ಲಿ ಹಿಡಿದ ಆ ಪದ್ಧತಿಗೆ ಈ ಘಾಟಿಗಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ.

ವಿವಾದ ಇರುವುದು ಬೇರೆ ಕಡೆ. 1989ರಲ್ಲಿ ಬೆರ್ರಿ ಹರೆಲ್–ಪ್ನೂಯೆಲಿ ವಿಂಗಡಣೆಯನ್ನು ಇನ್ನೂ ಮೊನಚು ಮಾಡಿದರು. ಹೊರಗಿನವರೊಂದಿಗೆ ತನ್ನ ವೇಗದಲ್ಲಿ ವ್ಯವಹರಿಸುವ ಯಂತ್ರ ಸಂವಾದಿ. ಬ್ಯಾಂಕಿನ ಕಂಪ್ಯೂಟರ್ ಹಾಗೆ, ಗ್ರಾಹಕರು ಕಾಯುತ್ತಾರೆ. ಪರಿಸರ ಗೊತ್ತುಮಾಡಿದ ವೇಗದಲ್ಲಿ ಉತ್ತರಿಸಲೇಬೇಕಾದ ಯಂತ್ರ ಸ್ಪಂದಕ. ವಿಮಾನವನ್ನು ಸ್ವಲ್ಪ ನಿಲ್ಲು ಎಂದು ಕೇಳಲಾಗದು. ಲಯದ ಯಜಮಾನ ಯಾರು ಎಂಬ ಈ ಒಂದು ಪ್ರಶ್ನೆಯಿಂದ ಎರಡು ಜಾತಿಗಳು ಬೇರೆಯಾಗುತ್ತವೆ. ಪ್ರತಿಕ್ರಿಯೆಗೆ ಸಮಯವೇ ತಗಲುವುದಿಲ್ಲ ಎಂಬ ಸಮಕಾಲಿಕತೆಯ ಗೃಹೀತ ಎಸ್ಟರೆಲ್‌ನ ಬುನಾದಿ. ಅದು ನಿಂತಿರುವುದೂ ಈ ವಿಂಗಡಣೆಯ ಪಕ್ಕದಲ್ಲೇ. ವಿಂಗಡಣೆ ಎಷ್ಟು ಉಪಯುಕ್ತವೆಂದರೆ ಪಠ್ಯಪುಸ್ತಕಗಳು ಅದನ್ನು ವ್ಯಾಖ್ಯೆಯಂತೆಯೇ ಬಳಸುತ್ತವೆ.

ಈಗ ಕ್ಯಾಚ್ ಸೈಡಿಂಗ್ ನೋಡಬೇಕು. ಭಾರತೀಯ ರೈಲ್ವೆಯ ನಿಯಮದಂತೆ ನಿಲ್ದಾಣದ ಕಡೆಗೆ ಇಳಿಯುವ ಹಳಿ 80ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಕ್ಯಾಚ್ ಸೈಡಿಂಗ್ ಬೇಕು. ನಿಲ್ದಾಣದಿಂದ ಆಚೆಗೆ ಇಳಿಯುವುದು 100ಕ್ಕೆ 1ಕ್ಕಿಂತ ಕಡಿದಾಗಿದ್ದರೆ ಸ್ಲಿಪ್ ಸೈಡಿಂಗ್. ಮೊದಲನೆಯದು ಮೇಲಿನಿಂದ ಹಿಡಿತ ತಪ್ಪಿ ಬರುವ ರೈಲನ್ನು ಹಿಡಿಯುತ್ತದೆ, ಎರಡನೆಯದು ನಿಂತ ಗಾಡಿ ಕೆಳಗೆ ಜಾರಿಹೋಗದಂತೆ ತಡೆಯುತ್ತದೆ. 50ಕ್ಕೆ 1ರ ಘಾಟಿಯಲ್ಲಿ ಎರಡೂ ಅನಿವಾರ್ಯ. ಕ್ಯಾಚ್ ಸೈಡಿಂಗ್ ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಕಡೆಗೆ ಏರಿ ಕೊನೆಯಾಗುತ್ತದೆ. ಕವಲಿನ ಪಾಯಿಂಟ್ ಸಹಜ ಸ್ಥಿತಿಯಲ್ಲಿ ಸೈಡಿಂಗ್ ಕಡೆಗೇ ತಿರುಗಿರುತ್ತದೆ. ಘಟ್ಟ ಇಳಿದು ಬಂದ ರೈಲು ಮೊದಲು ನಿಲ್ಲಬೇಕು, ನಿಂತ ಮೇಲೆ ಪಾಯಿಂಟ್ ಮುಖ್ಯ ಹಳಿಗೆ ಬರುತ್ತದೆ.

ಇಲ್ಲಿ ಲಯದ ಯಜಮಾನ ಯಾರು? ಬ್ರೇಕ್ ಸರಿಯಿರುವ ರೈಲಿನ ಮಟ್ಟಿಗೆ ಯಂತ್ರ. ರೈಲು ಕಾಯುತ್ತದೆ, ಬೆರ್ರಿಯವರ ಪ್ರಕಾರ ಇದು ಸಂವಾದಿ. ಬ್ರೇಕ್ ಹಿಡಿಯದ ರೈಲಿನ ಮಟ್ಟಿಗೆ ಯಜಮಾನ ಇಳಿಜಾರು. ಆಗ ಇದು ಸ್ಪಂದಕ. ತನ್ನೆದುರು ಬರುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಯಂತ್ರಕ್ಕೆ ಮುಂಚಿತವಾಗಿ ತಿಳಿದಿರುವುದಿಲ್ಲ. ಅದನ್ನು ತಿಳಿಯುವುದೇ ಅದರ ಕೆಲಸದ ತಿರುಳು.

ನಿರೂಪಣೆಯ ಸಾಹಿತ್ಯ ಈ ತಿರುಳನ್ನು ಸಾಮಾನ್ಯವಾಗಿ ಗೃಹೀತಗಳ ಪಟ್ಟಿಗೆ ಸೇರಿಸಿಬಿಡುತ್ತದೆ. ಅಬ್ರಿಯಾಲ್ ಅವರ 2010ರ ಈವೆಂಟ್–ಬಿ ಪುಸ್ತಕದ ಮೊದಲ ದೊಡ್ಡ ಉದಾಹರಣೆ ದ್ವೀಪಕ್ಕೆ ಹೋಗುವ ಕಿರಿದಾದ ಸೇತುವೆಯ ಮೇಲಿನ ಕಾರುಗಳದು. ಕೆಂಪು ದೀಪ ಇರುವಾಗ ಕಾರುಗಳು ದಾಟುವುದಿಲ್ಲ ಎಂಬುದು ಅಲ್ಲಿ ಪರಿಸರದ ಬಗೆಗಿನ ಒಂದು ಬೇಡಿಕೆಯಾಗಿ ದಾಖಲಾಗಿದೆ. ಉಪ್ಸಾಲಾ ಮತ್ತು ಆಲ್‌ಬೋರ್ಗ್‌ನಲ್ಲಿ ಬೆಳೆದ ಉಪ್ಪಾಲ್ ಸಾಧನದ ಪಾಠಗಳಲ್ಲಿ ಬರುವ ಉದಾಹರಣೆಯಲ್ಲಿ ಹಲವು ರೈಲುಗಳಿಗೆ ಒಂದೇ ಸೇತುವೆ. ಸಮೀಪಿಸಿದ 10 ಕಾಲಘಟಕಗಳೊಳಗೆ ನಿಲ್ಲು ಎಂದರೆ ರೈಲು ನಿಂತೇ ನಿಲ್ಲುತ್ತದೆ. ಸಿಗ್ನಲ್‌ಗಳನ್ನೂ ಪಾಯಿಂಟ್‌ಗಳನ್ನೂ ಒಂದಕ್ಕೊಂದು ಕಟ್ಟಿಹಾಕುವ ಇಂಟರ್‌ಲಾಕಿಂಗ್‌ನ ಪರಿಶೀಲನೆಯ ಮಾದರಿಗಳಲ್ಲೂ ರೈಲು ಕೆಂಪು ಸಿಗ್ನಲ್ ದಾಟುವುದಿಲ್ಲ ಎಂಬುದು ವಾಡಿಕೆಯ ಗೃಹೀತ. ಅಬ್ರಿಯಾಲ್ ಅದನ್ನು ಬಚ್ಚಿಡದೆ ಓದುಗರ ಕಣ್ಣೆದುರು ಇಟ್ಟಿದ್ದಾರೆ ಎಂಬುದನ್ನು ಮೆಚ್ಚಬೇಕು. ಆದರೆ ತರ್ಕದ ಆಕಾರ ಎಲ್ಲೆಡೆ ಒಂದೇ: ಗೃಹೀತ ನಿಜವಾದರೆ ಭರವಸೆ ನಿಜ. ಗೃಹೀತ ಸುಳ್ಳಾದ ದಿನ ನಿರೂಪಣೆ ಔಪಚಾರಿಕವಾಗಿ ತಪ್ಪಾಗುವುದಿಲ್ಲ. ಅದು ಏನನ್ನೂ ಹೇಳುವುದಿಲ್ಲ. ಘಾಟಿಯಲ್ಲಿ ಆ ಮೌನದ ಅರ್ಥ, ಬ್ರೇಕಿಲ್ಲದ ರೈಲು ನಿಲ್ದಾಣದಲ್ಲಿ ನಿಂತ ಇನ್ನೊಂದು ರೈಲಿನತ್ತ ಬರುತ್ತಿರುವಾಗ ಸಿಗ್ನಲ್ ವ್ಯವಸ್ಥೆಗೆ ಯಾವ ಕರ್ತವ್ಯವೂ ಇಲ್ಲ ಎಂದು.

ಕ್ಯಾಚ್ ಸೈಡಿಂಗ್ ಕಟ್ಟಿದವರು ಬೇರೆ ರೀತಿ ಯೋಚಿಸಿದ್ದರು. ಅವರ ನಿಯಮವನ್ನು ಕನ್ನಡದಲ್ಲೇ ನಿರೂಪಣೆಯಾಗಿ ಬರೆದರೆ ಹೀಗಿರುತ್ತದೆ. ಪಾಯಿಂಟ್ ಆರಂಭದಲ್ಲಿ ಸೈಡಿಂಗ್ ಕಡೆಗಿದೆ. ರೈಲು ನಿಂತದ್ದು ರುಜುವಾತಾಗಿದ್ದರೆ ಮತ್ತು ಮುಂದಿನ ಹಳಿ ಖಾಲಿಯಿದ್ದರೆ ಮಾತ್ರ ಅದು ಮುಖ್ಯ ಹಳಿಗೆ ಬರಬಹುದು. ರೈಲು ದಾಟಿದ ಮೇಲೆ ಮತ್ತೆ ಸೈಡಿಂಗ್ ಕಡೆಗೆ ಮರಳಬೇಕು. ಬ್ರೇಕ್ ಹಿಡಿಯುತ್ತದೆ ಎಂಬ ವಾಕ್ಯ ಈ ಮೂರರಲ್ಲಿ ಎಲ್ಲಿಯೂ ಇಲ್ಲ. ಅದು ಗೃಹೀತಗಳ ಪಟ್ಟಿಯಿಂದ ಇಳಿದು ಘಟನೆಯ ಷರತ್ತಾಗಿದೆ.

ಇದರಿಂದ ಲೇಖನದ ಮುಖ್ಯ ಹೇಳಿಕೆ: ಲಯದ ಯಜಮಾನಿಕೆ ಸ್ಪಂದಕ ವ್ಯವಸ್ಥೆಯ ಲಕ್ಷಣವಲ್ಲ, ಅದು ವ್ಯವಸ್ಥೆಯೊಳಗೆ ಕೈಬದಲಾಗುವ ಒಂದು ಸ್ಥಿತಿ, ಆ ಕೈಬದಲನ್ನು ನಿರ್ಧರಿಸುವ ಪರೀಕ್ಷೆಗೆ ನಿರೂಪಣೆಯಲ್ಲಿ ಸ್ಥಾನವಿರಬೇಕು. ಇನ್ನೂ ಒಂದು ಮಾತು. ಹಿಡಿತ ತಪ್ಪಿದ ರೈಲಿಗೆ ಯಂತ್ರ ಕೊಡುವ ಉತ್ತರಕ್ಕೆ ತಗಲುವ ಸಮಯ ಅಕ್ಷರಶಃ ಸೊನ್ನೆ, ಏಕೆಂದರೆ ಪಾಯಿಂಟ್ ಆಗಲೇ ಅಲ್ಲಿದೆ. ಸಮಕಾಲಿಕತೆಯ ಗೃಹೀತವನ್ನು ವೇಗದ ಪ್ರೊಸೆಸರ್‌ನಿಂದ ಸಮೀಪಿಸಬೇಕಾಗುತ್ತದೆ. ಘಾಟಿಯಲ್ಲಿ ಅದು ಆರಂಭಸ್ಥಿತಿಯ ಆಯ್ಕೆಯಿಂದಲೇ ಕೈಗೂಡಿದೆ.

ಈ ಹೇಳಿಕೆಗೆ ಹಲವು ಮಿತಿಗಳನ್ನು ಹಾಕಿಕೊಳ್ಳಲೇಬೇಕು. ಮೊದಲನೆಯದು: ಈವೆಂಟ್–ಬಿ, ಟಿಎಲ್‌ಎ, ಎಸ್ಟರೆಲ್ ಯಾವುದಕ್ಕೂ ಇದನ್ನು ಬರೆಯುವ ಶಕ್ತಿಯಿಲ್ಲ ಎಂದು ಇಲ್ಲಿ ಹೇಳುತ್ತಿಲ್ಲ. ಮೇಲಿನ ಮೂರು ವಾಕ್ಯಗಳನ್ನು ಈವೆಂಟ್–ಬಿಯಲ್ಲಿ ಮೂರು ಘಟನೆಗಳಾಗಿ ಸಲೀಸಾಗಿ ಬರೆಯಬಹುದು. ಕೊರತೆ ಭಾಷೆಯದಲ್ಲ, ಗೃಹೀತವನ್ನು ಎಲ್ಲಿ ಇಡಬೇಕು ಎಂಬ ರೂಢಿಯದು. ಗೃಹೀತ ಮುರಿದಾಗ ಭರವಸೆ ಹಂತಹಂತವಾಗಿ ಇಳಿಯುವುದನ್ನು ಮಾರಿಸ್ ಹರ್ಲಿಹಿ ಮತ್ತು ಜೆನೆಟ್ ವಿಂಗ್ 1991ರಲ್ಲೇ ನಿರೂಪಿಸಿದ್ದಾರೆ ಎಂಬುದನ್ನೂ ಮರೆಯಬಾರದು. ಕ್ಯಾಚ್ ಸೈಡಿಂಗ್‌ನ ಎರಡು ಮಟ್ಟದ ಭರವಸೆ ಅವರ ಚೌಕಟ್ಟಿನಲ್ಲಿ ಕೂರುತ್ತದೆ: ಬ್ರೇಕ್ ಇದ್ದರೆ ದಾರಿ, ಇಲ್ಲದಿದ್ದರೆ ಕನಿಷ್ಠ ಇತರ ರೈಲುಗಳ ರಕ್ಷಣೆ. ಅಲ್ಲಿ ಕಾಣದಿರುವುದು, ಯಾವ ಮಟ್ಟದಲ್ಲಿದ್ದೇವೆ ಎಂದು ತಿಳಿಯಲು ವ್ಯವಸ್ಥೆ ತಾನೇ ಪರಿಸರವನ್ನು ತಡೆದು ನಿಲ್ಲಿಸಿ ಕೇಳುವ ಈ ಹೆಜ್ಜೆ.

ಎರಡನೆಯ ಮಿತಿ ಹೆಚ್ಚು ತೊಡಕಿನದು. ರೈಲು ನಿಂತದ್ದು ರುಜುವಾತಾಗುವುದು ಹೇಗೆ? ಸಿಗ್ನಲ್ ವ್ಯವಸ್ಥೆಯ ಟ್ರ್ಯಾಕ್ ಸರ್ಕ್ಯೂಟ್‌ಗೆ ಕಾಣುವುದು ಹಳಿಯ ಒಂದು ತುಂಡಿನ ಮೇಲೆ ಗಾಡಿ ಇದೆ ಅಥವಾ ಇಲ್ಲ ಎಂಬುದಷ್ಟೇ, ವೇಗ ಕಾಣುವುದಿಲ್ಲ. ಅದಕ್ಕೆ ಟೈಮರ್ ಜೋಡಿಸಿದರೆ, ಪಾಯಿಂಟ್‌ಗೆ ಮುಂಚಿನ ತುಂಡಿನಲ್ಲಿ ಗಾಡಿ ಇಷ್ಟು ಹೊತ್ತು ಇದ್ದೂ ಪಾಯಿಂಟ್ ತಲುಪಿಲ್ಲ ಎಂಬುದು ತಿಳಿಯುತ್ತದೆ. ವಾದಕ್ಕಾಗಿ ಆ ತುಂಡು 200 ಮೀಟರ್, ಟೈಮರ್ 60 ಸೆಕೆಂಡ್ ಎಂದುಕೊಳ್ಳೋಣ. ಇವು ಲೆಕ್ಕಕ್ಕೆ ಆರಿಸಿದ ಅಂಕಿಗಳೇ ಹೊರತು ಯಾವುದೇ ನಿಲ್ದಾಣದ ಅಳತೆಗಳಲ್ಲ. ಗಂಟೆಗೆ 30 ಕಿ.ಮೀ. ವೇಗದ ರೈಲು 24 ಸೆಕೆಂಡಿನಲ್ಲಿ ತುಂಡನ್ನು ದಾಟಿ ಸೈಡಿಂಗ್ ಸೇರುತ್ತದೆ, ಅದು ಸರಿ. ಟೈಮರ್ ಮುಗಿದರೆ ಸಾಧಿತವಾಗುವುದು ಸರಾಸರಿ ವೇಗ ಗಂಟೆಗೆ 12 ಕಿ.ಮೀ.ಗಿಂತ ಕಡಿಮೆ ಎಂಬುದು. ನಿಂತಿತು ಎಂಬುದಲ್ಲ.

ಇಷ್ಟೇ ಆಗಿದ್ದರೆ ಶಬ್ದಗಳ ಜಗಳ ಎಂದು ಬಿಡಬಹುದಿತ್ತು. ಆದರೆ ಬ್ರೇಕ್ ಒಮ್ಮೆ ಹಿಡಿದು ಆಮೇಲೆ ಸಡಿಲಾದ ರೈಲನ್ನು ಊಹಿಸಿಕೊಳ್ಳಬೇಕು. ಅದು ತುಂಡಿನ ಆರಂಭದಲ್ಲಿ ನಿಂತು, ಮರುಕ್ಷಣ ಜಾರತೊಡಗಿತು. 50ಕ್ಕೆ 1ರ ಇಳಿಜಾರಿನಲ್ಲಿ ಗುರುತ್ವದ ಎಳೆತ ಪ್ರತಿ ಸೆಕೆಂಡೂ ವೇಗಕ್ಕೆ ಸೆಕೆಂಡಿಗೆ 0.196 ಮೀಟರ್ ಕೂಡಿಸುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ 45 ಸೆಕೆಂಡಿನ ಆಸುಪಾಸಿನಲ್ಲಿ ರೈಲು ಪಾಯಿಂಟ್ ತಲುಪುತ್ತದೆ, ಗಂಟೆಗೆ ಸುಮಾರು 32 ಕಿ.ಮೀ. ವೇಗದಲ್ಲಿ. 60 ಸೆಕೆಂಡಿನ ಟೈಮರ್ ಆಗಿದ್ದರೆ ಅದು ಇನ್ನೂ ಮುಗಿದಿರುವುದಿಲ್ಲ. ರೈಲು ಸೈಡಿಂಗ್‌ಗೆ ಹೋಗುತ್ತದೆ. ಟೈಮರ್ 40 ಸೆಕೆಂಡ್ ಆಗಿದ್ದರೆ? ರೈಲು 157 ಮೀಟರ್ ಸಾಗಿ, ಗಂಟೆಗೆ 28 ಕಿ.ಮೀ. ವೇಗದಲ್ಲಿ ಪಾಯಿಂಟ್‌ಗೆ 43 ಮೀಟರ್ ದೂರದಲ್ಲಿರುವಾಗ ಪಾಯಿಂಟ್ ಮುಖ್ಯ ಹಳಿಗೆ ತಿರುಗುತ್ತದೆ. 30 ಕಿ.ಮೀ. ವೇಗದಲ್ಲಿ ಓಡಿಬರುವ ರೈಲನ್ನು 40 ಸೆಕೆಂಡಿನ ಟೈಮರ್ ಸರಿಯಾಗಿ ಹಿಡಿಯುತ್ತಿತ್ತು. ನಿಂತು ಜಾರಿದ ರೈಲನ್ನು ಬಿಟ್ಟುಕೊಟ್ಟಿತು. ಬೇಡಿಕೆಯಲ್ಲಿ ನಿಲ್ಲಬೇಕು ಎಂಬ ಒಂದೇ ಪದ ಬರೆದು ಮುಂದೆ ಹೋದ ಮಾದರಿಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ನಿಜವಾದ ಷರತ್ತು, ಟೈಮರ್ ಅವಧಿ ಬ್ರೇಕಿಲ್ಲದ ರೈಲು ನಿಂತಲ್ಲಿಂದ ಜಾರಿ ಆ ತುಂಡನ್ನು ದಾಟುವ ಕಾಲಕ್ಕಿಂತ ಹೆಚ್ಚಿರಬೇಕು ಎಂಬುದು. ಇಳಿಜಾರಿನ ಅಳತೆ ಹೀಗೆ ಸಾಫ್ಟ್‌ವೇರ್‌ನ ನಿರೂಪಣೆಯೊಳಗೆ ಬಂದು ಕೂರುತ್ತದೆ.

ಮೂರನೆಯ ಆಕ್ಷೇಪವನ್ನು ಬೆರ್ರಿ ಪಕ್ಷದವರೂ ಅಬ್ರಿಯಾಲ್ ಪಕ್ಷದವರೂ ಒಟ್ಟಿಗೆ ಎತ್ತಬಹುದು: ಸೈಡಿಂಗ್ ರೈಲನ್ನು ಹಿಡಿಯುತ್ತದೆ ಎಂಬುದೂ ಗೃಹೀತವಲ್ಲವೇ? ಹೌದು. ಗೃಹೀತ ಅಳಿಯಲಿಲ್ಲ, ಜಾಗ ಬದಲಿಸಿತು. ಲೋಕೋ ಪೈಲಟ್‌ನ ಎಚ್ಚರ ಮತ್ತು ಬ್ರೇಕ್ ಪೈಪಿನ ಗಾಳಿಯ ಮೇಲಿದ್ದ ನಂಬಿಕೆ ಏರುಹಳಿ ಮತ್ತು ಗುರುತ್ವದ ಮೇಲೆ ಹೋಯಿತು. ಈ ಬದಲಾವಣೆ ಲಾಭದ್ದೇ, ಏಕೆಂದರೆ ಗುರುತ್ವ ಕೆಟ್ಟುಹೋಗುವುದಿಲ್ಲ. ಆದರೆ ಅದಕ್ಕೂ ಎಲ್ಲೆಯಿದೆ. ಗಂಟೆಗೆ 30 ಕಿ.ಮೀ. ವೇಗದ ರೈಲನ್ನು ಏರು ಒಂದರಿಂದಲೇ ನಿಲ್ಲಿಸಲು ಸುಮಾರು 3.5 ಮೀಟರ್ ಎತ್ತರ ಸಾಕು. ಅದೇ ರೈಲು ಬ್ರೇಕಿಲ್ಲದೆ 1 ಕಿಲೋಮೀಟರ್ ಇಳಿದರೆ ವೇಗ ಗಂಟೆಗೆ 77 ಕಿ.ಮೀ. ಮುಟ್ಟಿ, ಬೇಕಾಗುವ ಎತ್ತರ 23 ಮೀಟರ್ ಮೀರುತ್ತದೆ. ಹಾಗಾಗಿ ಸೈಡಿಂಗ್‌ನ ಭರವಸೆ ಇಷ್ಟು ವೇಗದ ತನಕ ಎಂದು ಬರೆದೇ ಇರಬೇಕು. ಒಂದು ಪರೀಕ್ಷೆಯ ಫಲಿತಾಂಶವೂ ಘಾಟಿ ಪೂರ್ತಿಗೆ ಸಲ್ಲುವುದಿಲ್ಲ; ಎಡಕುಮೇರಿಯಲ್ಲಿ ಹಿಡಿದ ಬ್ರೇಕ್ ಸಿರಿಬಾಗಿಲಿನಲ್ಲಿ ಹಿಡಿಯಬೇಕೆಂದಿಲ್ಲ. ಪರೀಕ್ಷೆಗೆ ವಾಯಿದೆ ಇದೆ.

ಈ ಮಾತು ರೈಲಿಗೆ ಮಾತ್ರ ಸಲ್ಲುವಂಥದ್ದೇ ಎಂದು ನೋಡಲು ಸುಳ್ಯದ ಅಡಿಕೆ ತೋಟಕ್ಕೆ ಇಳಿಯಬಹುದು. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ರಾತ್ರಿ ಎರಡಕ್ಕೆ ಬಂದರೂ ತೋಟಕ್ಕೆ ನೀರು ಚಿಮ್ಮಿಸುವ ಜೆಟ್ ತಿರುಗಬೇಕು. ಅದಕ್ಕೇ ಪಂಪ್ ಶೆಡ್ಡಿನಲ್ಲಿ ಆಟೋ ಸ್ಟಾರ್ಟರ್. ಕರೆಂಟ್ ಬಂದ ಕೂಡಲೇ ಅದು ಮೋಟಾರ್ ಚಾಲೂ ಮಾಡುವುದಿಲ್ಲ. ಮೂರೂ ಫೇಸ್ ಇದೆಯೇ ಎಂದು ನೋಡಿ ತುಸು ಕಾಯುತ್ತದೆ. ಇದು ಬರಿಯ ಗಮನಿಸುವಿಕೆ. ಬಾವಿಯಲ್ಲಿ ನೀರಿದೆಯೇ ಎಂಬುದು ಹಾಗೆ ತಿಳಿಯುವುದಿಲ್ಲ. ಡ್ರೈ ರನ್ ತಡೆಯುವ ಸ್ಟಾರ್ಟರ್ ಮೊದಲು ಪಂಪನ್ನು ಓಡಿಸುತ್ತದೆ, ಮೋಟಾರ್ ಎಳೆಯುವ ಆಂಪಿಯರ್ ಕಡಿಮೆಯಾದರೆ ನೀರಿಲ್ಲವೆಂದು ತಿಳಿದು ನಿಲ್ಲಿಸುತ್ತದೆ. ನೀರಿದೆ ಎಂಬ ಗೃಹೀತವನ್ನು ಅದು ತಾನೇ ಕೆಲಸ ಮಾಡಿ ಪರೀಕ್ಷಿಸುತ್ತದೆ. ತೋಟದಲ್ಲಿ ಪರೀಕ್ಷೆ ಸೋತರೆ ಪಂಪು ಕೆಲವು ಕ್ಷಣ ಒಣಗಿ ತಿರುಗುತ್ತದೆ, ಅಷ್ಟೇ. ಘಾಟಿಯಲ್ಲಿ ಸೋಲಿಗೆ ಮೊದಲೇ ಜಾಗ ಕಟ್ಟಿಟ್ಟಿರಬೇಕು. ಎರಡಕ್ಕೂ ಸಾಮಾನ್ಯವಾದದ್ದು ಪರಿಸರವನ್ನು ಕೇಳಿ ತಿಳಿಯುವ ಆ ಹೆಜ್ಜೆ, ಮತ್ತು ಅದನ್ನು ಗೃಹೀತವಾಗಿ ಬರೆದರೆ ಯಂತ್ರದ ಅರ್ಧ ವಿನ್ಯಾಸವೇ ನಿರೂಪಣೆಯಿಂದ ಮಾಯವಾಗುತ್ತದೆ ಎಂಬುದು.

ಲ್ಯಾಂಪೋರ್ಟ್ ತಮ್ಮ 2002ರ ಪುಸ್ತಕದಲ್ಲಿ, ನಿರೂಪಣೆಯಿಂದ ಸಿಗುವ ಪ್ರಯೋಜನದ ಬಹುಪಾಲು ಸುರಕ್ಷತೆಯ ಭಾಗದಿಂದಲೇ ಬರುತ್ತದೆ, ಪ್ರಗತಿಯ ಭಾಗದ ಮಹತ್ವ ಕಡಿಮೆ ಎಂಬರ್ಥದ ಮಾತು ಹೇಳಿದ್ದಾರೆ. ಅವರ ಅನುಭವಕ್ಕೆ ಎದುರಾಡುವುದು ಸುಲಭವಲ್ಲ. ಆದರೂ ಆರಂಭಸ್ಥಿತಿಯೇ ಇಷ್ಟು ಸುರಕ್ಷಿತವಾಗಿರುವ ಕಡೆ ಒಂದು ಎಚ್ಚರಿಕೆ ಬೇಕು: ಪಾಯಿಂಟನ್ನು ಎಂದೂ ಮುಖ್ಯ ಹಳಿಗೆ ತರದ ಯಂತ್ರ ಮೇಲಿನ ಸುರಕ್ಷತೆಯ ವಾಕ್ಯಗಳನ್ನೆಲ್ಲ ಪಾಲಿಸುತ್ತದೆ. ನಿಂತ ರೈಲಿಗೆ ಕೊನೆಗೆ ದಾರಿ ಸಿಗುತ್ತದೆ ಎಂಬ ಮಾತು ಘಾಟಿಯ ನಿರೂಪಣೆಯಲ್ಲಿ ಇಲ್ಲದೆ ಆಗದು, ಮತ್ತು ಆ ಮಾತು ಕೆಳಗಿನ ನಿಲ್ದಾಣದ ಲೈನ್ ಕ್ಲಿಯರ್ ಮೇಲೆ ನಿಂತಿದೆ.

ಇಲ್ಲಿಗೆ ಶ್ಯಾಮಸುಂದರ್ ಮತ್ತು ಸಂಗಡಿಗರ ಪದ್ಧತಿ ಮತ್ತೆ ಬೇಕಾಗುತ್ತದೆ, ಬಗೆಹರಿಯದ ಪ್ರಶ್ನೆಯೂ ಅಲ್ಲೇ ಇದೆ. ಒಂದು ನಿಲ್ದಾಣದ ಪರೀಕ್ಷೆಯ ಫಲವನ್ನು, ಅದರ ವಾಯಿದೆಯ ಸಮೇತ, ಕೈಕುಲುಕಿನ ಮೂಲಕ ಮುಂದಿನ ನಿಲ್ದಾಣಕ್ಕೆ ದಾಟಿಸುವುದು ಹೇಗೆ? ಅವರ ಪದ್ಧತಿಯಲ್ಲಿ ಸಂದೇಶ ದಾಟುತ್ತದೆ. ಕಾಲ ಕಳೆದಂತೆ ಆ ಸಂದೇಶದ ಬಲ ಕುಂದುವುದನ್ನು ಹೇಳಲು ಕಾಲದ ಅಳತೆಯನ್ನು ಕೂಡಿಸಬೇಕಾಗುತ್ತದೆ. ಲೋಕೋ ಪೈಲಟ್ ಮರೆತರೆ ತಾನೇ ಬ್ರೇಕ್ ಹಾಕುವ ಕವಚ್ ವ್ಯವಸ್ಥೆ ಇಂಥ ಮಾರ್ಗಕ್ಕೆ ಬಂದರೆ ವಿಧೇಯತೆಯ ಗೃಹೀತ ಬಿದ್ದುಹೋಗುತ್ತದೆ, ಬ್ರೇಕಿನ ಯಂತ್ರಭಾಗದ ಗೃಹೀತ ಉಳಿಯುತ್ತದೆ. ಆಗ ನಿಲ್ಲಿಸಿ ನೋಡುವ ಪರೀಕ್ಷೆಯ ರೂಪ ಏನಾಗಬೇಕು ಎಂಬುದು ಬಿಡಿಸಿ ನೋಡಬೇಕಾದ ವಿಷಯ.

2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಗುಡ್ಡ ಕುಸಿದು ರೈಲು ಸಂಚಾರ ನಿಂತಿತು. ಹಳಿ ತನ್ನ ಜಾಗದಲ್ಲಿದೆ ಎಂಬ ಗೃಹೀತ ಮುರಿದ ದಿನ ಅದು. ಮಳೆಗಾಲದಲ್ಲಿ ಆ ಗೃಹೀತವನ್ನು ಪರೀಕ್ಷಿಸುವವರು ಟಾರ್ಚ್ ಹಿಡಿದು ಹಳಿಯುದ್ದಕ್ಕೂ ನಡೆಯುವ ಗಸ್ತಿನ ಕಾರ್ಮಿಕರು. ಅವರು ಸರಿಯೆಂದು ಹೇಳಿ ಹೋದ ಹಳಿ ಎಷ್ಟು ಹೊತ್ತಿನ ತನಕ ಸರಿ ಎಂಬುದು ಮಳೆಯ ಬಿರುಸಿನ ಮೇಲಿದೆ. ಅವರ ನಡಿಗೆಯನ್ನು ಒಂದು ಘಟನೆಯಾಗಿ ಬರೆದು, ಅದರ ವಾಯಿದೆಯನ್ನು ಮಳೆಗೆ ಕಟ್ಟುವ ನಿರೂಪಣೆಯನ್ನು ಈ ಲೇಖನ ಪ್ರಯತ್ನಿಸಿಲ್ಲ.